ಗಿಡದ ದೀಪಕ್ಕೆ ವ್ಯಾಟ್ ಲೆಕ್ಕ ಸಾಲದು: ತೋಟಗಾರಿಕೆ ಇಲಾಖೆಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ನಿರ್ದೇಶಕರು,
ತೋಟಗಾರಿಕೆ ಇಲಾಖೆ, ಲಾಲ್‌ಬಾಗ್, ಬೆಂಗಳೂರು.

ಪ್ರತಿ: ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ.

ವಿಷಯ: ಟಿಶ್ಯೂ ಕಲ್ಚರ್ ಕೊಠಡಿ, ಪಾಲಿಹೌಸ್ ಮತ್ತು ಸೇವಂತಿಗೆ ಹೊಲಗಳಲ್ಲಿ ಗಿಡಕ್ಕೆ ಉರಿಸುವ ದೀಪಗಳನ್ನು ಬದಲಿಸುವ ಕುರಿತು.

ಮಾನ್ಯರೇ,

ಕತ್ತಲಾದ ಮೇಲೆ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಓಡಾಡುವವರಿಗೆ ಸೇವಂತಿಗೆ ಹೊಲದಲ್ಲಿ ಸಾಲಾಗಿ ಉರಿಯುವ ಬಲ್ಬುಗಳು ಹೊಸ ನೋಟವಲ್ಲ. ರಸ್ತೆಗೆ ಕಾಣುವುದರಿಂದ ಅವುಗಳ ಬಗ್ಗೆ ಆಗೀಗ ಮಾತಾದರೂ ಆಗುತ್ತದೆ. ಗಿಡಕ್ಕಾಗಿಯೇ ವರ್ಷವಿಡೀ, ದಿನಕ್ಕೆ 16 ಗಂಟೆ ಉರಿಯುವ ದೀಪಗಳು ಬೇರೆ ಇವೆ. ಗಿಡದ ಸಣ್ಣ ತುಂಡಿನಿಂದ ಬಾಟಲಿಯೊಳಗೆ ಸಸಿ ಬೆಳೆಸುವ ಟಿಶ್ಯೂ ಕಲ್ಚರ್ ಪ್ರಯೋಗಾಲಯಗಳ ಗ್ರೋತ್ ರೂಮಿನಲ್ಲಿ (ಸಸಿ ಬೆಳೆಯುವ ಕೊಠಡಿಯಲ್ಲಿ), ಕಿಟಕಿಯಿಲ್ಲದ ಗೋಡೆಗಳ ಒಳಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ರೈತರು ನೆಡುವ ಜಿ-9 ಬಾಳೆ ಸಸಿ ಮಣ್ಣು ಕಾಣುವ ಮೊದಲು ತಿಂಗಳುಗಟ್ಟಲೆ ಬದುಕಿರುವುದು ಈ ದೀಪಗಳ ಅಡಿಯಲ್ಲೇ. ನಮ್ಮಲ್ಲಿ ಒಳಾಂಗಣ ಕೃಷಿ ಎಂದು ನಿಜವಾಗಿ ಕರೆಯಬಹುದಾದದ್ದು, ದಶಕಗಳಿಂದ ನಡೆದುಬಂದದ್ದು ಇದು. ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ ನೇರಳೆ ಬೆಳಕಿನಡಿ ಮಿಂಚುವ ಲೆಟ್ಯೂಸ್ ಅಲ್ಲ.

ಈ ದೀಪಗಳನ್ನು ಎಲ್‌ಇಡಿಗೆ ಬದಲಿಸಿದರೆ ವಿದ್ಯುತ್ತೂ ಉಳಿಯುತ್ತದೆ, ಟ್ಯೂಬ್‌ಲೈಟಿನೊಳಗಿನ ಪಾದರಸದ ಕಾಟವೂ ತಪ್ಪುತ್ತದೆ. ಆದರೆ ಎಲ್‌ಇಡಿ ಎಂಬ ಹೆಸರು ಕಂಡ ಕೂಡಲೇ ಉಳಿತಾಯವಾಯಿತೆಂದು ಬರೆದುಕೊಳ್ಳುವುದು ತಪ್ಪು. ಎಷ್ಟು ಬೆಳಕು ಎಲೆಗೆ ಮುಟ್ಟಿತು, ಒಂದು ಸಸಿಗೆ ಎಷ್ಟು ಯೂನಿಟ್ ಖರ್ಚಾಯಿತು ಎಂಬ ಎರಡು ಅಳತೆಗಳಿಲ್ಲದೆ ಕೊಡುವ ಸಹಾಯಧನ ಎಲ್ಲಿ ಹೋಯಿತೆಂದು ಹೇಳುವುದು ಕಷ್ಟ. ಈ ಪತ್ರ ಬರೆಯಲು ಅದೇ ಕಾರಣ.

ಮೊದಲು ಈಗಿನ ಸ್ಥಿತಿ. ಗ್ರೋತ್ ರೂಮಿನಲ್ಲಿ ಬಾಟಲಿ ಜೋಡಿಸುವ ಕಪಾಟಿನ ಒಂದು ತಟ್ಟು ಸಾಮಾನ್ಯವಾಗಿ 4 ಅಡಿ ಉದ್ದ, 2 ಅಡಿ ಅಗಲ. ಅದರ ಮೇಲೆ 4 ಅಡಿಯ ಎರಡು ಟ್ಯೂಬ್‌ಲೈಟ್. ಹಳೆಯ 40 ವ್ಯಾಟ್ ಟ್ಯೂಬಿಗೆ ತಾಮ್ರದ ಚೋಕ್ ಹಾಕಿದ್ದರೆ ಮೀಟರಿನಲ್ಲಿ ಓಡುವುದು 40 ಅಲ್ಲ, 50ರಿಂದ 54 ವ್ಯಾಟ್. ಚೋಕ್ ತಾನೇ ಬಿಸಿಯಾಗಿ ತಿನ್ನುವ ಪಾಲು ಅದು. ತಟ್ಟಿನ ಮೇಲೆ ಸುಮಾರು 100 ಬಾಟಲಿ, ಬಾಟಲಿಗೆ 8ರಿಂದ 10 ಸಸಿ. ಬೇರು ಬಿಡಿಸುವ ಕೊನೆಯ ನಾಲ್ಕು ವಾರವನ್ನಷ್ಟೇ ಲೆಕ್ಕ ಹಾಕಿದರೂ, ಟ್ಯೂಬಿಗೆ 52 ವ್ಯಾಟ್ ಹಿಡಿದರೆ, ಒಂದು ತಟ್ಟು ಸುಮಾರು 47 ಯೂನಿಟ್ ತಿನ್ನುತ್ತದೆ. ಅದೇ ತಟ್ಟಿಗೆ 18 ವ್ಯಾಟಿನ ಎರಡು ಒಳ್ಳೆಯ ಎಲ್‌ಇಡಿ ಬ್ಯಾಟನ್ ಹಾಕಿದರೆ 16 ಯೂನಿಟ್. ಇದು ಒಂದು ಹಂತದ ಲೆಕ್ಕ ಮಾತ್ರ. ಅದಕ್ಕೂ ಮೊದಲು ಸಸಿಯನ್ನು ಹಲವು ಸಲ ಕತ್ತರಿಸಿ, ಹೊಸ ಬಾಟಲಿಗೆ ಹಾಕಿ, ಮತ್ತೆ ಮತ್ತೆ ಇದೇ ದೀಪದಡಿ ಇಟ್ಟಿರುತ್ತಾರೆ.

ಒಂದು ಮಧ್ಯಮ ಗಾತ್ರದ ಕೊಠಡಿಯನ್ನು ನೋಡೋಣ, 500 ಟ್ಯೂಬಿನದು. ಹಳೆಯ ಟ್ಯೂಬಿನಲ್ಲಿ 26 ಕಿಲೋವ್ಯಾಟ್, ದಿನಕ್ಕೆ 416 ಯೂನಿಟ್. ಎಲ್‌ಇಡಿಯಲ್ಲಿ 9 ಕಿಲೋವ್ಯಾಟ್, ದಿನಕ್ಕೆ 144 ಯೂನಿಟ್. ವರ್ಷಕ್ಕೆ 99,000 ಯೂನಿಟ್ ಉಳಿತಾಯ ದೀಪದಿಂದಲೇ ಬರುತ್ತದೆ. ಕೊಠಡಿಯನ್ನು 25 ಡಿಗ್ರಿಯ ಆಸುಪಾಸಿನಲ್ಲಿ ಇಡಲೇಬೇಕು. ದೀಪ ತಿಂದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೊಠಡಿಯಲ್ಲೇ ಉಳಿಯುತ್ತದೆ, ಅದನ್ನು ಎ.ಸಿ. ಹೊರಹಾಕಬೇಕು. ಮೂರು ಯೂನಿಟ್ ಶಾಖ ಹೊರಹಾಕಲು ಎ.ಸಿ.ಗೆ ಸುಮಾರು ಒಂದು ಯೂನಿಟ್ ಬೇಕು. ಹಾಗಾಗಿ ಇನ್ನೊಂದು 33,000 ಯೂನಿಟ್ ಅಲ್ಲಿಯೂ ಉಳಿಯುತ್ತದೆ. ದೇಶದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸರಿಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಒಂದೇ ಕೊಠಡಿಯಿಂದ ವರ್ಷಕ್ಕೆ 90 ಟನ್ನಿನ ಮೇಲೆ ಕಡಿಮೆ. ಕರೆಂಟ್ ಹೋದಾಗ ಓಡುವ ಜನರೇಟರನ್ನೂ ಮರೆಯಬಾರದು. ಸುಮಾರು 22 ಕಿಲೋವ್ಯಾಟ್ ಹೊರೆ ಇಳಿದರೆ ಗಂಟೆಗೆ ಆರೇಳು ಲೀಟರ್ ಡೀಸೆಲ್ ಉರಿಯುವುದು ತಪ್ಪುತ್ತದೆ.

ಲೆಕ್ಕ ಇಷ್ಟು ಸಲೀಸಾಗಿದ್ದರೂ ಎಲ್‌ಇಡಿ ಹಾಕಿಸಿ ಕೈಸುಟ್ಟುಕೊಂಡು ಮತ್ತೆ ಟ್ಯೂಬಿಗೆ ಮರಳಿದ ಕೊಠಡಿಗಳಿವೆ. ಕಾರಣ ತಂತ್ರಜ್ಞಾನದಲ್ಲಿಲ್ಲ, ಕೊಳ್ಳುವ ಮತ್ತು ಜೋಡಿಸುವ ರೀತಿಯಲ್ಲಿದೆ.

ಮೊದಲ ತೊಡಕು ಅಳತೆಯದು. ಅಂಗಡಿಯ ಎಲ್‌ಇಡಿ ಪೆಟ್ಟಿಗೆಯ ಮೇಲೆ ವ್ಯಾಟ್ ಮತ್ತು ಲ್ಯೂಮೆನ್ ಬರೆದಿರುತ್ತಾರೆ. ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿಯ ನಕ್ಷತ್ರಗಳೂ ವ್ಯಾಟಿಗೆ ಎಷ್ಟು ಲ್ಯೂಮೆನ್ ಎಂಬುದನ್ನೇ ನೋಡುತ್ತವೆ. ಲ್ಯೂಮೆನ್ ಮನುಷ್ಯರ ಕಣ್ಣಿನ ಅಳತೆ. ನಮ್ಮ ಕಣ್ಣಿಗೆ ಹಳದಿ ಮಿಶ್ರಿತ ಹಸಿರು ಚೆನ್ನಾಗಿ ಕಾಣುತ್ತದೆ, ಗಾಢ ಕೆಂಪು ಮಂಕಾಗಿ ಕಾಣುತ್ತದೆ. ಎಲೆಗೆ ಹಾಗಲ್ಲ, 660 ನ್ಯಾನೋಮೀಟರಿನ ಆಸುಪಾಸಿನ ಕೆಂಪು ಅದಕ್ಕೆ ಹಬ್ಬದೂಟ. ಆದ್ದರಿಂದ ಗಿಡದ ದೀಪವನ್ನು ಅಳೆಯಬೇಕಾದ್ದು 400ರಿಂದ 700 ನ್ಯಾನೋಮೀಟರಿನೊಳಗಿನ ಬೆಳಕಿನ ಕಣಗಳನ್ನು ಎಣಿಸಿ, ಅಂದರೆ ಒಂದು ಜೌಲ್ ವಿದ್ಯುತ್ತಿಗೆ ಎಷ್ಟು ಮೈಕ್ರೋಮೋಲ್ (ಬೆಳಕಿನ ಕಣಗಳ ಎಣಿಕೆಯ ಮಾನ) ಬಂತೆಂದು. ಚೋಕಿನ ನಷ್ಟ ಸೇರಿಸಿದರೆ ಹಳೆಯ ಟ್ಯೂಬ್ 1ನ್ನೂ ಮುಟ್ಟುವುದಿಲ್ಲ. ಪಾಲಿಹೌಸಿನ ಹಳೆಯ 400 ವ್ಯಾಟ್ ಸೋಡಿಯಂ ದೀಪ 1ರ ಹತ್ತಿರ. ಮನೆಗೆ ಹಾಕುವ ಬಿಳಿ ಎಲ್‌ಇಡಿ ಬ್ಯಾಟನ್ ಸುಮಾರು 1.5, ಗಿಡಕ್ಕೆಂದೇ ಮಾಡಿದ ಒಳ್ಳೆಯ ದೀಪ 2.5ರಿಂದ 3ರ ಮೇಲೆ. ಅಮೆರಿಕದಲ್ಲಿ ಬೆಳೆ ದೀಪಗಳ ಅರ್ಹತಾ ಪಟ್ಟಿ ಮಾಡುವ ಡಿಸೈನ್‌ಲೈಟ್ಸ್ ಕನ್ಸಾರ್ಷಿಯಂ 2023ರಲ್ಲಿ ಕನಿಷ್ಠ ಮಿತಿಯನ್ನು 2.3ಕ್ಕೆ ಏರಿಸಿತು. ನಮ್ಮ ಟೆಂಡರುಗಳು ಇನ್ನೂ '20 ವ್ಯಾಟ್ ಎಲ್‌ಇಡಿ ಟ್ಯೂಬ್, ಇಷ್ಟು ಸಂಖ್ಯೆ' ಎನ್ನುವಲ್ಲೇ ನಿಂತರೆ ಕಡಿಮೆ ದರದವರು ಗೆಲ್ಲುತ್ತಾರೆ, ಕಡಿಮೆ ಬೆಳಕು ಬರುತ್ತದೆ.

ಬಾಟಲಿಯ ಸಸಿಗೆ ಬೇಕಾದ್ದು ಹೆಚ್ಚೇನಲ್ಲ, ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 40ರಿಂದ 60 ಮೈಕ್ರೋಮೋಲ್. ಬಿಳಿ ಎಲ್‌ಇಡಿಯಡಿ ಲಕ್ಸ್ ಮೀಟರ್ ಹಿಡಿದು ಬಂದ ಸಂಖ್ಯೆಯನ್ನು 70ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ, 3,000 ಲಕ್ಸ್ ಅಂದರೆ 43ರ ಹತ್ತಿರ. ಈ ಕೈಲೆಕ್ಕ ಬಿಳಿ ಬೆಳಕಿಗೆ ಮಾತ್ರ. ಕೆಂಪು-ನೀಲಿ ದೀಪದಡಿ ಲಕ್ಸ್ ಮೀಟರ್ ಹೇಳುವುದು ಬರೀ ಸುಳ್ಳು, ಅಲ್ಲಿ ಬೆಳಕಿನ ಕಣ ಎಣಿಸುವ ಕ್ವಾಂಟಮ್ ಸೆನ್ಸರ್ ಇಲ್ಲದೆ ನಡೆಯದು. ಹೆಚ್ಚು ಬೆಳಕು ಹೆಚ್ಚು ಒಳ್ಳೆಯದು ಎಂಬ ನಂಬಿಕೆಯೂ ಇಲ್ಲಿ ಮುಳುವಾಗುತ್ತದೆ. ಬಾಳೆಯ ತುಂಡು ಕತ್ತರಿಸಿದ ಜಾಗದಲ್ಲಿ ಮೊದಲೇ ಕಪ್ಪಾಗುವ ಸ್ವಭಾವದ್ದು, ಆರಂಭದ ಹಂತದಲ್ಲಿ ಬೆಳಕು ಜೋರಾದರೆ ಅದು ಇನ್ನೂ ಹೆಚ್ಚುತ್ತದೆ. ಟ್ಯೂಬ್ ಎಲ್ಲ ಕಡೆಗೂ ಬೆಳಕು ಚೆಲ್ಲುತ್ತದೆ, ಎಲ್‌ಇಡಿ ಕೆಳಮುಖವಾಗಿ ಸುರಿಯುತ್ತದೆ. ಒಂದಕ್ಕೊಂದು ಬದಲಿಸಿದರೆ ತಟ್ಟಿನ ನಡುವೆ 90, ಮೂಲೆಯಲ್ಲಿ 25 ಆಗುವುದುಂಟು. ನಡುವಿನ ಸಸಿ ಕೆಂಪೇರಿ ಕುಗ್ಗುತ್ತದೆ, ಮೂಲೆಯದು ಸಣಕಲಾಗಿ ಉದ್ದವಾಗುತ್ತದೆ, ದೂರು ಎಲ್‌ಇಡಿಯ ಮೇಲೆ ಬರುತ್ತದೆ. ಒಂದೇ ದಪ್ಪ ಬ್ಯಾಟನ್ ಬದಲು ಎರಡು ತೆಳ್ಳಗಿನವನ್ನು ಅಂಚಿನಿಂದ ಅರ್ಧ ಅಡಿ ಒಳಗೆ ಹಾಕಿ, ತಟ್ಟಿನ ತಳಕ್ಕೆ ಬಿಳಿ ಬಣ್ಣ ಬಳಿದು, ಒಂಬತ್ತು ಕಡೆ ಅಳೆದು ನೋಡಿದರೆ ಈ ತಕರಾರು ಬಹುಮಟ್ಟಿಗೆ ಮುಗಿಯುತ್ತದೆ.

ನೇರಳೆ ದೀಪದ ಮೋಹದ ಬಗ್ಗೆ ಒಂದು ಮಾತು. ಕೆಂಪು-ನೀಲಿ ಬೆರೆಸಿದ ಅಗ್ಗದ ದೀಪ 'ಗ್ರೋ ಲೈಟ್' ಎಂಬ ಹೆಸರಿನಲ್ಲಿ ಎಲ್ಲೆಡೆ ಮಾರಾಟವಾಗುತ್ತದೆ. ಟಿಶ್ಯೂ ಕಲ್ಚರ್ ಕೊಠಡಿಗೆ ಅದು ಸರಿಹೊಂದದು. ಬ್ಯಾಕ್ಟೀರಿಯಾ ಸೇರಿದ ಬಾಟಲಿಯಲ್ಲಿ ಸಸಿಯ ಬುಡದ ಸುತ್ತ ಅದರ ಆಹಾರದ ಜೆಲ್ಲಿ ಹಾಲಿನ ಹಾಗೆ ಮಬ್ಬಾಗುತ್ತದೆ, ಎಲೆ ತುಸು ಹಳದಿಗೆ ತಿರುಗುತ್ತದೆ. ಇದನ್ನು ಕಣ್ಣಲ್ಲೇ ಗುರುತಿಸಿ ಹೊರತೆಗೆಯುವವರು ದಿನವೂ ತಟ್ಟು ತಟ್ಟು ನೋಡುವ ಹೆಣ್ಣುಮಕ್ಕಳು. ನೇರಳೆ ಬೆಳಕಿನಲ್ಲಿ ಎಲೆಯೆಲ್ಲ ಕಪ್ಪು, ಮಬ್ಬು ಕಾಣುವುದೇ ಇಲ್ಲ, ಗಂಟೆ ಕಳೆಯುವಷ್ಟರಲ್ಲಿ ತಲೆನೋವು. ಹೊರಹಾಕಬೇಕಾದ ಬಾಟಲಿ ಉಳಿದುಹೋದರೆ ಮುಂದಿನ ಕತ್ತರಿಕೆಯಲ್ಲಿ ನೂರಕ್ಕೆ ಹರಡುತ್ತದೆ. ದೀಪದಲ್ಲಿ ಉಳಿದ ಯೂನಿಟ್, ಬಾಟಲಿಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವಿನಲ್ಲಿ ಹೋಗುತ್ತದೆ. ಬಿಳಿ ಬೆಳಕಿಗೆ ಸ್ವಲ್ಪ ಗಾಢ ಕೆಂಪು ಬೆರೆಸಿದ ದೀಪವೇ ಇಲ್ಲಿಗೆ ಸರಿ.

ವೈರಿಂಗಿನ ತಪ್ಪುಗಳು ಮಾಮೂಲಿ, ಆದರೂ ಹೇಳಲೇಬೇಕು. ಹಳೆಯ ಚೋಕ್, ಸ್ಟಾರ್ಟರ್ ತೆಗೆಯದೆ ಎಲ್‌ಇಡಿ ಟ್ಯೂಬ್ ಸಿಕ್ಕಿಸಿ ಹೋಗುವವರಿದ್ದಾರೆ. ಅದರಿಂದ ಚೋಕಿನ ನಷ್ಟ ಪೂರ್ತಿ ನಿಲ್ಲುವುದಿಲ್ಲ, ದೀಪಕ್ಕೆ ಕರೆಂಟ್ ಹೊಂದಿಸಿಕೊಡುವ ಡ್ರೈವರ್ ಸರ್ಕ್ಯೂಟ್ ಬೇಗ ಸಾಯುತ್ತದೆ. 500 ಡ್ರೈವರುಗಳನ್ನು ಒಂದೇ ಟೈಮರಿನ ಕಾಂಟ್ಯಾಕ್ಟರಿಗೆ (ದೊಡ್ಡ ಸ್ವಿಚ್ಚಿಗೆ) ಕಟ್ಟಿದರೆ ಬೆಳಗ್ಗೆ ದೀಪ ಹೊತ್ತುವ ಕ್ಷಣದಲ್ಲಿ ಎಲ್ಲವೂ ಒಟ್ಟಿಗೆ ಕರೆಂಟ್ ಎಳೆಯುತ್ತವೆ. ಒಂದೋ ಎಂಸಿಬಿ ಬೀಳುತ್ತದೆ, ಇಲ್ಲವೇ ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡು ರಾತ್ರಿಯೂ ದೀಪ ಆರುವುದಿಲ್ಲ. ಕೊಠಡಿಯನ್ನು ನಾಲ್ಕೈದು ಭಾಗ ಮಾಡಿ ಒಂದೊಂದು ನಿಮಿಷ ಬಿಟ್ಟು ಹೊತ್ತಿಸಿದರೆ ಸಾಕು. ಅಗ್ಗದ ಡ್ರೈವರಿನ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.5ಕ್ಕೂ ಇಳಿಯುತ್ತದೆ, 0.9ಕ್ಕಿಂತ ಕೆಳಗಿನದನ್ನು ಕೊಳ್ಳಬಾರದು. ಡ್ರೈವರುಗಳನ್ನು ಗೋಡೆಯಾಚೆ ಇಟ್ಟರೆ ಶಾಖವೂ ಹೊರಗೇ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಎ.ಸಿ. ದೀಪದ ಶಾಖ 26 ಕಿಲೋವ್ಯಾಟಿನಿಂದ 9ಕ್ಕೆ ಇಳಿದರೆ ಏಳು ಟನ್ನಿನ ಜಾಗದಲ್ಲಿ ಎರಡೂವರೆ ಟನ್ ಎ.ಸಿ. ಸಾಕು. ಹಳೆಯ ಯಂತ್ರಗಳನ್ನೆಲ್ಲ ಹಾಗೆಯೇ ಓಡಿಸಿದರೆ ಅವು ಐದು ನಿಮಿಷಕ್ಕೊಮ್ಮೆ ಹೊತ್ತಿ ಆರುತ್ತವೆ, ಗಾಳಿಯ ತೇವ ತೆಗೆಯುವಷ್ಟು ಹೊತ್ತು ಓಡುವುದಿಲ್ಲ, ಎದುರಿನ ತಟ್ಟುಗಳು 20 ಡಿಗ್ರಿಗೆ ಇಳಿಯುತ್ತವೆ. ಸಸಿ ಮರಿ ಹಾಕುವುದು ನಿಧಾನವಾಗುತ್ತದೆ. 'ಎಲ್‌ಇಡಿ ಹಾಕಿದ ಮೇಲೆ ಇಳುವರಿ ಬಿತ್ತು' ಎಂದು ಕೇಳಿಬರುವ ಮಾತಿನ ಹಿಂದೆ ಅನೇಕ ಸಲ ಇರುವುದು ಇದು. ದೀಪ ಬದಲಿಸಿದ ದಿನವೇ ಅರ್ಧಕ್ಕಿಂತ ಹೆಚ್ಚು ಎ.ಸಿ. ಆರಿಸಿ, ಒಂದು ವಾರ ತಟ್ಟಿನ ಮಟ್ಟದಲ್ಲಿ ಥರ್ಮಾಮೀಟರ್ ಇಟ್ಟು ನೋಡಬೇಕು.

ಇನ್ನು ಪಾದರಸ. ಪ್ರತಿ ಟ್ಯೂಬಿನೊಳಗೂ ಮಿಲಿಗ್ರಾಂ ಲೆಕ್ಕದ ಪಾದರಸವಿದೆ. ದಿನಕ್ಕೆ 16 ಗಂಟೆಯಂತೆ ವರ್ಷಕ್ಕೆ 5,840 ಗಂಟೆ ಉರಿಯುವ ಟ್ಯೂಬ್ ಒಂದೂವರೆ ವರ್ಷಕ್ಕೆ ಸತ್ವ ಕಳೆದುಕೊಳ್ಳುತ್ತದೆ. ತೆಗೆದ ಟ್ಯೂಬುಗಳು ಶೆಡ್ಡಿನ ಹಿಂದೆ ರಾಶಿ ಬಿದ್ದು, ಒಡೆದು, ಗುಜರಿಗೋ ತಿಪ್ಪೆಗೋ ಹೋಗುತ್ತವೆ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಪಾದರಸದ ದೀಪಗಳೂ ಸೇರಿವೆ. ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಅದರ ಸದಸ್ಯ ದೇಶಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಉದ್ದನೆಯ ಟ್ಯೂಬ್‌ಲೈಟುಗಳ ತಯಾರಿಕೆ ಮತ್ತು ಆಮದು-ರಫ್ತನ್ನು 2027ರೊಳಗೆ ನಿಲ್ಲಿಸಲು ಒಪ್ಪಿವೆ. ಅಂದರೆ ಬದಲಾವಣೆ ಹೇಗಿದ್ದರೂ ಬರುತ್ತದೆ. ಅಳೆದು ಮಾಡುತ್ತೇವೋ, ಗಡಿಬಿಡಿಯಲ್ಲಿ ಸಿಕ್ಕಿದ್ದನ್ನು ಸಿಕ್ಕಿಸುತ್ತೇವೋ ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಸೇವಂತಿಗೆಯ ವಿಷಯ ಬೇರೆಯೇ. ಅಲ್ಲಿ ದೀಪ ಆಹಾರಕ್ಕಲ್ಲ, ಸುದ್ದಿ ಮುಟ್ಟಿಸಲು. ಇರುಳು ಉದ್ದವಾದರೆ ಮೊಗ್ಗು ಕಟ್ಟುವ ಗಿಡಕ್ಕೆ ನಡುರಾತ್ರಿ ಬೆಳಕು ತೋರಿಸಿ, ಇರುಳು ಇನ್ನೂ ಚಿಕ್ಕದೆಂದು ನಂಬಿಸಿ, ಹಬ್ಬದ ಹೊತ್ತಿಗೆ ಹೂವು ಬರುವಂತೆ ತಡೆಯುವುದು. 10 ಅಡಿಗೊಂದರಂತೆ ಎಕರೆಗೆ 435 ಬಲ್ಬು ಬೇಕಾಗುತ್ತದೆ. 60 ವ್ಯಾಟಿನ ಬುರುಡೆ ಬಲ್ಬಾದರೆ 26 ಕಿಲೋವ್ಯಾಟ್, 25 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಒಂದನ್ನು ಇದೊಂದೇ ಹೊಲ ನುಂಗುತ್ತದೆ. ಮಳೆ ಹನಿ ಬಿದ್ದರೆ ಬಿಸಿ ಬಲ್ಬು ಪಟ್ಟನೆ ಒಡೆಯುವುದು ಬೇರೆ. 9 ವ್ಯಾಟಿನ ಎಲ್‌ಇಡಿಯಾದರೆ 4 ಕಿಲೋವ್ಯಾಟ್ ಸಹ ಇಲ್ಲ. ಗಿಡದೊಳಗೆ ಈ ಸುದ್ದಿ ಹಿಡಿಯುವುದು ಕೆಂಪು ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ. ಕೆಂಪು ಅಂಶ ಹೆಚ್ಚಿರುವ ವಾರ್ಮ್ ವೈಟ್ ಅಥವಾ ಕೆಂಪು ಎಲ್‌ಇಡಿಯೇ ಬೇಕು, ನೀಲಿ ಛಾಯೆಯ ಅಗ್ಗದ ಬಲ್ಬು ಹಾಕಿ ಮೊಗ್ಗು ನಿಲ್ಲಲಿಲ್ಲವೆಂದರೆ ತಪ್ಪು ಬಲ್ಬಿನದು. ನಾಲ್ಕು ಗಂಟೆ ಸತತವಾಗಿ ಉರಿಸುವ ಬದಲು ಅರ್ಧ ಗಂಟೆಗೆ ಹತ್ತು ನಿಮಿಷ ಉರಿಸಿದರೂ ಸಾಕಾಗುವುದುಂಟು. ಟೈಮರ್ ಒಂದಿದ್ದರೆ ಖರ್ಚು ಮೂರನೇ ಒಂದು. ಕೆಂಪು ಬೆಳಕಿಗೆ ಪತಂಗಗಳೂ ಕಡಿಮೆ ಬರುತ್ತವೆ. ಪಕ್ಕದ ಹೊಲದಲ್ಲಿ ನಾಟಿ ಅವರೆ ಇದ್ದರೆ ಅದಕ್ಕೂ ಇದೇ ಸುದ್ದಿ ಮುಟ್ಟಿ ಹೂ ತಡವಾಗುತ್ತದೆ. ಹೆಬ್ಬಾಳ ಅವರೆ-3, 4ಕ್ಕೆ ಆ ಭಯವಿಲ್ಲ. ಬಲ್ಬಿನ ಮೇಲೊಂದು ತಗಡಿನ ಟೋಪಿ ಹಾಕಿದರೆ ನೆರೆಹೊರೆಯ ಜಗಳವೂ ತಪ್ಪುತ್ತದೆ.

ಕೊನೆಯದಾಗಿ ಗೋದಾಮಿನೊಳಗೆ ದೀಪದಡಿ ಬೆಳೆಯುವ ಸೊಪ್ಪು. ಪರಿಸರದ ಹೆಸರಿನಲ್ಲಿ ಇದಕ್ಕೆ ಸಹಾಯಧನ ಕೇಳುವ ಮನವಿಗಳು ತಮ್ಮ ಮೇಜಿಗೂ ಬಂದಾವು. ಲೆಟ್ಯೂಸಿಗೆ ದಿನಕ್ಕೆ ಚದರ ಮೀಟರಿಗೆ ಸುಮಾರು 15 ಮೋಲ್ (ಒಂದು ಮೋಲ್ ಅಂದರೆ ಹತ್ತು ಲಕ್ಷ ಮೈಕ್ರೋಮೋಲ್) ಬೆಳಕು ಬೇಕು. ಜೌಲಿಗೆ 3 ಮೈಕ್ರೋಮೋಲ್ ಕೊಡುವ ಉತ್ತಮ ದೀಪದಲ್ಲೂ ಅದಕ್ಕೆ 1.4 ಯೂನಿಟ್ ಬೇಕು. 25 ದಿನಕ್ಕೆ 35 ಯೂನಿಟ್, ಸಿಗುವುದು 3 ಕಿಲೋ ಎಂದು ಹಿಡಿದರೆ ಕಿಲೋಗೆ ದೀಪದ ಖರ್ಚೇ ಹನ್ನೊಂದು ಯೂನಿಟ್ ಮೇಲೆ, ಎ.ಸಿ. ಬೇರೆ. ಬೆಂಗಳೂರಿನ ಬಯಲಿಗೆ ಸೂರ್ಯ ಸರಾಸರಿ ದಿನಕ್ಕೆ 30 ಮೋಲಿಗೂ ಹೆಚ್ಚು ಪುಕ್ಕಟೆ ಸುರಿಯುತ್ತಾನೆ, ಪಾಲಿಹೌಸಿನ ಹಾಳೆ ಮೂರನೇ ಒಂದು ಪಾಲು ತಡೆದರೂ ಸೊಪ್ಪಿಗೆ ಸಾಕು. ನೀರು ಉಳಿಯುತ್ತದೆ ಎಂಬ ವಾದ ನಿಜ. ಆ ಪುಣ್ಯವೇನಿದ್ದರೂ ಮಣ್ಣಿಲ್ಲದೆ ಬೆಳೆಸಿ ನೀರನ್ನು ಮರುಬಳಸುವ ಹೈಡ್ರೋಪೋನಿಕ್ಸಿನದು, ದೀಪದ್ದಲ್ಲ. ಕೋಣೆಯಲ್ಲಿ ಕೇಸರಿ ಬೆಳೆಯುವ ತರಬೇತಿಗಳ ಕಥೆಯೂ ಹೀಗೆಯೇ. ಗೆಡ್ಡೆಯಲ್ಲಿರುವ ಸತ್ವದಿಂದ ಹೂವು ಬರುತ್ತದೆ, ಅದಕ್ಕೆ ಬೆಳಕು ಹೆಚ್ಚು ಬೇಡ. ಮುಂದಿನ ವರ್ಷದ ಗೆಡ್ಡೆ ದಪ್ಪವಾಗಲು ತಿಂಗಳುಗಟ್ಟಲೆ ಜೋರು ಬೆಳಕು, ತಂಪು ಎರಡೂ ಬೇಕು. ಕಾಶ್ಮೀರದವರು ಅದನ್ನು ಹೊಲಕ್ಕೆ ಬಿಡುತ್ತಾರೆ, ನಾವು ಮೀಟರಿಗೆ ಬಿಡಬೇಕಾಗುತ್ತದೆ.

ಇಷ್ಟರ ಮೇಲೆ ನಮ್ಮ ಕೋರಿಕೆಗಳು.

2014ರ ಎಂಐಡಿಎಚ್ (ಕೇಂದ್ರದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್) ಮಾರ್ಗಸೂಚಿಯಲ್ಲಿ ಹೊಸ ಟಿಶ್ಯೂ ಕಲ್ಚರ್ ಘಟಕದ ನೆರವು ನಿಂತಿದ್ದದ್ದು ಘಟಕದ ವೆಚ್ಚ ಮತ್ತು ವರ್ಷಕ್ಕೆ 25 ಲಕ್ಷ ಸಸಿಯ ಸಾಮರ್ಥ್ಯದ ಮೇಲೆ. ಹಳೆಯ ಘಟಕಗಳ ಉನ್ನತೀಕರಣಕ್ಕೂ ಅಲ್ಲಿ ಅವಕಾಶವಿತ್ತು. ರಾಜ್ಯದ ಮಟ್ಟದಲ್ಲಿ ಇಂಥ ನೆರವಿಗೆ ಒಂದು ಷರತ್ತು ಸೇರಿಸಿ: ದೀಪ ಜೌಲಿಗೆ ಕನಿಷ್ಠ 2 ಮೈಕ್ರೋಮೋಲ್ ಕೊಡಬೇಕು, ಜೋಡಿಸಿದ ಮೇಲೆ ತಟ್ಟಿನ ಒಂಬತ್ತು ಬಿಂದುಗಳ ಅಳತೆ ಕೊಡಬೇಕು, ಅತಿ ಕಡಿಮೆ ಬಿಂದು ಸರಾಸರಿಯ ಶೇ. 70ಕ್ಕಿಂತ ಕೆಳಗಿರಬಾರದು. ಕಂತಿನ ಕೊನೆಯ ಭಾಗವನ್ನು ಆರು ತಿಂಗಳ ನಂತರ, ಸಸಿಗೆ ಎಷ್ಟು ಯೂನಿಟ್ ಎಂಬ ಲೆಕ್ಕ ನೋಡಿ ಬಿಡುಗಡೆ ಮಾಡಿ. ಇಲಾಖೆಯ ಸ್ವಂತ ಪ್ರಯೋಗಾಲಯಗಳ ಲೆಕ್ಕವನ್ನು ಮೊದಲು ಪ್ರಕಟಿಸಿದರೆ ಖಾಸಗಿಯವರನ್ನು ಕೇಳಲು ಬಾಯಿ ಬರುತ್ತದೆ.

ಅಳೆಯುವ ಉಪಕರಣ ದುಬಾರಿ, ಒಂದು ಘಟಕ ವರ್ಷಕ್ಕೆ ಎರಡು ದಿನ ಬಳಸುವಂಥದ್ದು. ಜಿಲ್ಲಾ ಕಚೇರಿಗೊಂದು ಕ್ವಾಂಟಮ್ ಮೀಟರ್ ಇಟ್ಟು ಎರವಲು ಕೊಡಿ. ದೀಪಗಳ ಪರೀಕ್ಷೆಗೆ ಬೆಂಗಳೂರಿನಲ್ಲೇ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಇದೆ, ಹೆಸರಘಟ್ಟದಲ್ಲಿ ಐಐಎಚ್‌ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಇದೆ. ಇಬ್ಬರನ್ನೂ ಕೂರಿಸಿ ಮೈಕ್ರೋಮೋಲ್ ಲೆಕ್ಕದ ಅನುಮೋದಿತ ಪಟ್ಟಿಯೊಂದನ್ನು ಮಾಡಿಸಿ. ಸೇವಂತಿಗೆಗೆ ಯಾವ ತಳಿಗೆ ಎಷ್ಟು ನಿಮಿಷ, ಎಷ್ಟು ರಾತ್ರಿ ಎಂಬುದನ್ನು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ಬೆಳೆಗಾರರ ಹೊಲದಲ್ಲೇ ಪರೀಕ್ಷಿಸಿ ಒಂದು ಪುಟದಲ್ಲಿ ಕೊಡಲಿ. 'ಹೊಸ ಬೆಳಕು' ಯೋಜನೆಯಲ್ಲಿ ಮನೆಗಳಿಗೆ ಎಲ್‌ಇಡಿ ತಲುಪಿಸಿದ ರಾಜ್ಯಕ್ಕೆ ಹೊಲಕ್ಕೆ ನೀರು ತಾಳುವ ಬಲ್ಬು, ಟೈಮರ್ ತಲುಪಿಸುವುದು ಭಾರವಲ್ಲ.

ನಿಯಂತ್ರಣ ಆಯೋಗದವರಲ್ಲಿ ವಿನಂತಿ: ಬಾಟಲಿಯೊಳಗಿನ ಸಸಿಗೆ ಹೊರಗಿನ ಹಗಲಿರುಳಿನ ಗೊಡವೆಯಿಲ್ಲ. ಸಂಜೆ 5ರಿಂದ ರಾತ್ರಿ 1ರವರೆಗೆ ಕತ್ತಲು ಕೊಟ್ಟರೆ ಸಂಜೆಯ ಪೀಕ್ ಹೊತ್ತಿನ ಹೊರೆ ಪೂರ್ತಿ ತಪ್ಪುತ್ತದೆ, ಪಾವಗಡದ ಸೌರ ವಿದ್ಯುತ್ ಹರಿಯುವ ಹೊತ್ತಿಗೆ ದೀಪ ಉರಿಯುತ್ತದೆ. ಕೇಂದ್ರದ 2023ರ ತಿದ್ದುಪಡಿ ನಿಯಮಗಳು ಬಿಸಿಲಿನ ಹೊತ್ತಿನ ದರವನ್ನು ಕನಿಷ್ಠ ಶೇ. 20 ಇಳಿಸಲು ಹೇಳಿವೆ. ಚಿಕ್ಕ ಟಿಶ್ಯೂ ಕಲ್ಚರ್ ಘಟಕಗಳಿಗೂ ಅದು ಬಿಲ್ಲಿನಲ್ಲಿ ಕಾಣುವಂತೆ ಮಾಡಿ, ಟೈಮರಿನ ಮುಳ್ಳು ತಾನಾಗಿ ತಿರುಗುತ್ತದೆ.

ಗೋದಾಮಿನ ಸೊಪ್ಪಿಗೆ ಸಹಾಯಧನ ಕೊಡುವುದಾದರೆ ಕಿಲೋಗೆ ಎಷ್ಟು ಯೂನಿಟ್ ಎಂದು ಅರ್ಜಿಯ ಮೊದಲ ಪುಟದಲ್ಲೇ ಬರೆಸಿಕೊಳ್ಳಿ.

ಮಾಲಿನ್ಯ ನಿಯಂತ್ರಣ ಮಂಡಳಿಯವರು ತೋಟಗಾರಿಕೆ ಇಲಾಖೆಯೊಂದಿಗೆ ಸೇರಿ, ಅಧಿಕೃತ ಮರುಬಳಕೆದಾರರ ವಾಹನವನ್ನು ವರ್ಷಕ್ಕೆ ಎರಡು ಸಲ ಘಟಕಗಳಿಗೆ ಕಳಿಸಲಿ. ಎಷ್ಟು ಹಳೆಯ ಟ್ಯೂಬ್ ಒಡೆಯದೆ ಒಪ್ಪಿಸಿದರೋ ಅಷ್ಟು ಹೊಸ ದೀಪಕ್ಕೆ ಮಾತ್ರ ನೆರವು ಎಂಬ ನಿಯಮವಿರಲಿ. ಅಲ್ಲಿಯವರೆಗೆ ಪ್ರಯೋಗಾಲಯಗಳು ತೆಗೆದ ಟ್ಯೂಬುಗಳನ್ನು ಅವು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ನಿಲ್ಲಿಸಿ, ಮಳೆ ತಾಗದ ಕಡೆ ಇಡಬೇಕೆಂದು ಒಂದು ಸುತ್ತೋಲೆಯನ್ನಾದರೂ ಈ ತಿಂಗಳೇ ಹೊರಡಿಸಿ.

ಗೌರವಪೂರ್ವಕವಾಗಿ,
ಗ್ರೋತ್ ರೂಮುಗಳ ದೀಪ, ವೈರಿಂಗ್ ಮತ್ತು ಬೆಳೆಯ ಕೆಲಸದಲ್ಲಿರುವ ಕೆಲವರು